ರಾಗಿ ಮಾಲ್ಟ್ ಬಂದಿದ್ದರಿಂದ ಶಾಲೆಯ ಹಾಲು ನಿಂತಿಲ್ಲ: ಒಂದು ಸ್ಪಷ್ಟನೆ

ಸರ್ಕಾರಿ ಶಾಲೆಗಳಲ್ಲಿ ರಾಗಿ ಮಾಲ್ಟ್ ಕೊಡಲಾರಂಭಿಸಿದ ಮೇಲೆ ಮಕ್ಕಳ ಹಾಲನ್ನು ಕೈಬಿಡಲಾಗಿದೆ ಎಂಬ ಸಂದೇಶವೊಂದು ಚಿಕ್ಕಬಳ್ಳಾಪುರ ಭಾಗದ ಪೋಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ.

2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಪ್ರತಿ ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ ತಯಾರಿಸಿದ 150 ಮಿಲಿಲೀಟರ್ ಹಾಲು ಸಿಗಬೇಕು. ಮೊದಲು ವಾರಕ್ಕೆ ಮೂರು ದಿನವಿದ್ದ ಈ ವಿತರಣೆ 2017ರಿಂದ ಐದು ದಿನಕ್ಕೆ ಏರಿತು. ಇದೇ ಜಿಲ್ಲೆಯ ಮುದ್ದೇನಹಳ್ಳಿಯ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್‌ನ ಸಹಯೋಗದಲ್ಲಿ 2024ರ ಫೆಬ್ರುವರಿಯಲ್ಲಿ ಬಂದ ಸಾಯಿ ಶ್ಯೂರ್ ರಾಗಿ ಮಾಲ್ಟ್ ಪುಡಿಯನ್ನು ವಾರದಲ್ಲಿ ಮೂರು ದಿನ ಇದೇ ಬಿಸಿ ಹಾಲಿಗೆ ಬೆರೆಸಿ ಕೊಡಲಾಗುತ್ತದೆಯೇ ಹೊರತು ಹಾಲಿನ ಬದಲಿಗೆ ಅಲ್ಲ. ಲೋಟದಲ್ಲಿ ಬಿಳಿಯ ಬದಲು ಕಂದು ಬಣ್ಣ, ತುಸು ಗಟ್ಟಿಯಾದ ಪಾನೀಯ ಕಂಡದ್ದೇ ಈ ಗೊಂದಲಕ್ಕೆ ಕಾರಣವಿರಬಹುದು. ರಾಗಿ ಬೆಳೆಯುವ ಈ ಸೀಮೆಯಲ್ಲಿ ಅದರ ಬಣ್ಣ ಕಂಡು ಅನುಮಾನ ಪಟ್ಟಿದ್ದು ಸೋಜಿಗವೇ.

ಮಧ್ಯಾಹ್ನದ ಬಿಸಿಯೂಟಕ್ಕೂ ಈ ಹಾಲಿಗೂ ಸಂಬಂಧವಿಲ್ಲ. ಪ್ರಾಥಮಿಕ ಹಂತದ ಮಗುವಿಗೆ 450 ಕಿಲೋ ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನ್, ಹಿರಿಯ ಪ್ರಾಥಮಿಕದವರಿಗೆ 700 ಕಿಲೋ ಕ್ಯಾಲೊರಿ ಮತ್ತು 20 ಗ್ರಾಂ ಪ್ರೋಟೀನ್ ಎಂಬ ಊಟದ ಮಾನದಂಡ ಪ್ರತ್ಯೇಕವಾಗಿಯೇ ಇದೆ. ಯಾವುದಾದರೂ ಶಾಲೆಯಲ್ಲಿ ಹಾಲು ನಿಜವಾಗಿಯೂ ತಪ್ಪುತ್ತಿದ್ದರೆ ಪೋಷಕರು ಸಂದೇಶವನ್ನು ಮುಂದಕ್ಕೆ ಕಳುಹಿಸುವ ಬದಲು ಮುಖ್ಯ ಶಿಕ್ಷಕರನ್ನು ಅಥವಾ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನು ಕೇಳಿ, ಹಾಲಿನ ಪುಡಿಯ ದಾಸ್ತಾನು ವಹಿಯನ್ನು ನೋಡಬಹುದು.