ಕಾರು ಹಳತಾಗಲಿ, ಬ್ರೇಕ್ ಆಯಿಲ್ ಹಳತಾಗಬಾರದು

"ಅಷ್ಟು ಹಳೇ ಕಾರಿನಲ್ಲಿ ಸಂಪಾಜೆ ಘಾಟಿ ಇಳೀತೀರಲ್ಲ, ಹೆದರಿಕೆ ಆಗಲ್ವಾ?" ಅಂತ ಕೇಳುವವರಿಗೆ ನನ್ನದೊಂದು ಪ್ರಶ್ನೆ: ನಿಮ್ಮ ಹೊಸ ಕಾರಿನ ಬ್ರೇಕ್ ಆಯಿಲ್ ಕೊನೆಗೆ ಬದಲಾಯಿಸಿದ್ದು ಯಾವಾಗ? ಎಂಜಿನ್ ಆಯಿಲ್ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಬ್ರೇಕ್ ಆಯಿಲ್ ಮಾತೆತ್ತಿದರೆ "ಕಡಿಮೆಯಾದಾಗ ಸ್ವಲ್ಪ ಹಾಕಿಸ್ತೀವಿ" ಅನ್ನುತ್ತಾರೆ. ನಮ್ಮ ಕೊಡಗು ಜಿಲ್ಲೆಯಲ್ಲಿ ಇದು ಸಾಲದು.

ಪೆಡಲ್ ಮೇಲಿನ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕಾರು ಓಡಲಿ, ಶೆಡ್ಡಿನಲ್ಲೇ ನಿಂತಿರಲಿ, ಹೀರುವುದು ನಿಲ್ಲುವುದಿಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಕಕ್ಕಡ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮುಗಿದರೂ ಬಿಡದ ಊರು ನಮ್ಮದು, ಒಗೆದ ಬಟ್ಟೆಯನ್ನು ಒಲೆಯ ಮೇಲೆ ಕಟ್ಟಿ ಒಣಗಿಸುತ್ತೇವೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯುವುದಿಲ್ಲ. ಶೇ 3.7ರಷ್ಟು ನೀರು ಸೇರಿದರೆ 140 ಡಿಗ್ರಿಯೇ ಸಾಕಾಗಬಹುದು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿಂದ ಸಂಪಾಜೆಯವರೆಗೂ ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಆ ಬಿಸಿಗೆ ಆಯಿಲ್ ಕುದಿದು ಆವಿಯಾಗಬಹುದು. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಪೆಡಲ್ ನೇರ ನೆಲಕ್ಕೆ ಹೋಗುತ್ತದೆ.

ಇದರಲ್ಲಿ ಇನ್ನೊಂದು ಅಪಾಯವಿದೆ. ಅರ್ಧ ಗಂಟೆ ನಿಂತು ತಣಿದರೆ ಪೆಡಲ್ ಮೊದಲಿನಂತಾಗುತ್ತದೆ. ಗ್ಯಾರೇಜಿಗೆ ಒಯ್ದರೆ "ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ತೊಂದರೆ ಆಯಿಲ್‌ನಲ್ಲೇ ಉಳಿದಿರುತ್ತದೆ.

ಹಾಗಾಗಿ ಎರಡು ವರ್ಷಕ್ಕೊಮ್ಮೆ, ಏಪ್ರಿಲ್ ಅಥವಾ ಮೇ ತಿಂಗಳಲ್ಲೇ, ಪೂರ್ತಿ ಬದಲಾಯಿಸಿ. ಯಾವ ಡಾಟ್ ಅನ್ನುವುದು ಕಾರಿನ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ. ನಿಂತ ಕಾರಿನಲ್ಲಿ ಪೆಡಲ್ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗೆ ಜಾರುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಸ್ಪಂಜಿನಂತಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ಬ್ರೇಕ್ ಹಾಕಿದಾಗ ಕಾರು ಒಂದೇ ಕಡೆ ಎಳೆದರೆ ಯಾವುದೋ ಚಕ್ರದಲ್ಲಿ ಬ್ರೇಕ್ ಜಾಮ್ ಆಗಿದೆಯೇ ನೋಡಿಸಿ. ಇದಕ್ಕೆಲ್ಲ ಕಂಪ್ಯೂಟರ್ ಬೇಕಿಲ್ಲ.

ಇಳಿಯುವಾಗ, ಹತ್ತಲು ಬೇಕಾದ ಗೇರೇ ಇರಲಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಎಂಜಿನ್ನೇ ಆಫ್ ಮಾಡಿದರೆ ಇನ್ನೂ ಕೇಡು: ಎಂಜಿನ್ ಬಲದಿಂದ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್ ಇರುವ ಕಾರಿನಲ್ಲಿ ಎರಡು-ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ.

ಮಳೆಗಾಲದ ಬೆಳಿಗ್ಗೆ ಕಾರ್ಬ್ಯುರೇಟರ್ ಕಾಲದ ಹಳೇ ಗಾಡಿ ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಇಳಿಸಬೇಡಿ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ಒಳಗೆ, ಪ್ಲಗ್ ವೈರ್‌ಗಳ ಮೇಲೆ ಒಣಬಟ್ಟೆಯಿಂದ ಒರೆಸಿ. ಆಮೇಲೆ ಬ್ಯಾಟರಿಗೆ ಮೀಟರ್ ಹಿಡಿಯಿರಿ. ನಿಂತಾಗ 12.6 ವೋಲ್ಟ್, ಎಂಜಿನ್ ಓಡುವಾಗ ಹೆಚ್ಚುಕಡಿಮೆ 14 ಇರಬೇಕು. ಓಡುವಾಗ ಏರದಿದ್ದರೆ ಹೊಸ ಬ್ಯಾಟರಿ ಹಾಕಿಸಿ ಪ್ರಯೋಜನವಿಲ್ಲ, ಮೊದಲು ಬೆಲ್ಟ್, ಡೈನಮೋ ನೋಡಿಸಿ. ಕಾರು ಕೆಲವು ದಿನ ನಿಲ್ಲುವುದಿದ್ದರೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ತೇವಕ್ಕೆ ಬ್ರೇಕ್ ಶೂ ಚಕ್ರದ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೊಂದು ಕಲ್ಲು ಕೊಡಿ.

ಬ್ರೇಕ್ ಆಯಿಲ್ ಹಾಕಿಸಲು ಹೋದಾಗ, ಮೂಲೆಯಲ್ಲಿ ಅರ್ಧ ಖಾಲಿಯಾಗಿ ಕೂತ ಡಬ್ಬಿಯಿಂದ ಸುರಿಯಲು ಬಂದರೆ ಬೇಡ ಅನ್ನಿ. ಸೀಲ್ ಒಡೆದ ಡಬ್ಬಿಯೂ ತೇವ ಹೀರಿರುತ್ತದೆ. ಹೊಸ ಡಬ್ಬಿ ನೀವೇ ಕೊಂಡುಹೋಗಿ, ನಿಮ್ಮೆದುರೇ ಸೀಲ್ ತೆಗೆಸಿ.