ಹತ್ತು ಫೂಟಿನ ಹಾಲಿಗೆ ಟೊಪ್ಪಿಗಿ ಹಾಕೂ ಮಂದಿ

ಬಾಗಲಕೋಟಿ ನವನಗರದಾಗ ಯಾವ ಸೆಕ್ಟರಿನ ವಾಸ್ತುಶಾಂತಿಗೆ ಬೇಕಾದ್ರೂ ಹೋಗ್ರಿ, ಹಾಲ್ ಮಾತ್ರ ಒಂದ ನಮೂನಿ. ಮ್ಯಾಲ ಸ್ಲ್ಯಾಬಿನ ಕೆಳಗ ಜೋತು ಬಿಟ್ಟ, ಎಲ್ಲಾರೂ ಪಿಒಪಿ ಅನ್ನೂ ಜಿಪ್ಸಮ್ ಸೀಲಿಂಗ್, ಅದರ ಸುತ್ತಲೂ ನೀಲಿ ಪಟ್ಟಿ ಲೈಟ್ ಅಡಗಿಸಿದ ಗಟಾರ, ಟಿವಿ ಹಿಂದ ಕರೇ ಗೀರಿನ ಪ್ಯಾನಲ್, ಕಾಲಾಗ ಜಾರೂ ಟೈಲ್ಸ್. ಕೇಳಿದ್ರ "ಮುಂಬೈ ಡಿಸೈನ್ ರೀ ಇದು" ಅಂತಾನ ಇಂಟೀರಿಯರ್‌ನಾಂವ. ಮುಂಬೈದಾಗ ನಮ್ಮ ಮೇ ತಿಂಗಳ ಬಿಸಲು ಬೀಳ್ತೈತೇನೋ ತಮ್ಮಾ?

ಸ್ಲ್ಯಾಬಿನ ಎತ್ತರ ನಮ್ಮ ಕಡೆ 10 ಫೂಟ್ ಇದ್ರ ದೊಡ್ಡ ಮಾತು. ಜಿಪ್ಸಮ್ ಬೋರ್ಡಿನ ದಪ್ಪ 12.5 ಮಿಲಿಮೀಟರ್, ಬರೇ ಅರ್ಧ ಇಂಚು. ಸಪಾಟ ಸೀಲಿಂಗ್ ಆದ್ರ ಬೋರ್ಡ್ ಹೊರೂ ತಗಡಿನ ಚಾನಲ್ ಹಿಡದು 4-5 ಇಂಚಿನಾಗ ಮುಗದು ಹೋಗ್ತೈತಿ. ಆದ್ರ ಸಪಾಟ ಮಾಡಿದ್ರ ಬಿಲ್ ಬೆಳಿಯೂದಿಲ್ಲಲ್ಲ! ಅದಕ್ಕ ಎರಡು ಮೆಟ್ಟಲ, ನಡಕ ಒಂದು ಕಮಲದ ಹೂವ, ಸುತ್ತಲೂ ಗಟಾರ. ಮೆಟ್ಟಲದ ನಿಂತ ಪಟ್ಟಿಗೆ ಬ್ಯಾರೇನ ಲೆಕ್ಕ, ರನ್ನಿಂಗ್ ಫೂಟಿನಾಗ, ಅಂದ್ರ ಬರೇ ಉದ್ದ ಅಳದು. ಹಿಂಗ ಒಂದು ಫೂಟ್ ಹೋತು, 9 ಫೂಟ್ ಉಳೀತು. ಅಂದ್ರ 2.75 ಮೀಟರ್ ಆಜೂಬಾಜೂ. ವಾಸದ ಖೋಲಿಗೆ ಇದಕ್ಕಿಂತ ಕಡಿಮಿ ಇರಬಾರದು ಅಂತ ರಾಷ್ಟ್ರೀಯ ಕಟ್ಟಡ ಸಂಹಿತಾ ಹೇಳೂ ಗೆರಿ ಅದು. ಸುಡೂ ಊರಾಗ ಎತ್ತರಾನ ಆಸ್ತಿ. ಆ ಆಸ್ತಿ ಕಸಗೊಂಡು ಮ್ಯಾಲ ರೊಕ್ಕಾನೂ ಎಣಿಸ್ತಾರ.

ಫ್ಯಾನಿನ ಗತಿ ಕೇಳಬ್ಯಾಡ್ರಿ. ಫ್ಯಾನ್ ಮ್ಯಾಲಿಂದ ಗಾಳಿ ಎಳದು ಕೆಳಗ ದಬ್ಬೂ ಯಂತ್ರ. ರೆಕ್ಕಿಗೂ ಸೀಲಿಂಗಿಗೂ ನಡುವ ಒಂದು ಫೂಟ್ ಆದ್ರೂ ಬಯಲು ಬೇಕು, ನೆಲದಿಂದ ರೆಕ್ಕಿ 7.5ರಿಂದ 8 ಫೂಟ್ ಇರಬೇಕು. ಇವರೇನ್ ಮಾಡ್ತಾರ? ಹಳೇ ರಾಡ್ ಹಂಗ ಬಿಟ್ಟು ಬೋರ್ಡ್ ಬಡೀತಾರ. ರಾಡಿನ ಮುಕ್ಕಾಲು ಪಾಲು ಬೋರ್ಡಿನ ಮ್ಯಾಲ ಹೋಗಿ ಕುಂದರತೈತಿ, ರೆಕ್ಕಿಗೂ ಬೋರ್ಡಿಗೂ 4 ಇಂಚು ಅಂತರ. ಎಳಿಯಾಕ ಗಾಳಿನ ಇಲ್ಲ, ಗರಗರ ತಿರಗತೈತಿ ಅಷ್ಟ. ಮನಿಯವರು ಫ್ಯಾನ್ ಕಂಪನಿಗೆ ಬೈದು ಹೊಸಾದು ತರ್ತಾರ, ಅದೂ ಹಂಗ. ಇನ್ನ ಫ್ಯಾನಿನ ಭಾರ ಸ್ಲ್ಯಾಬಿನ ಹುಕ್ಕಿಗೇ ಬೀಳಬೇಕು. ತಗಡಿನ ಚಾನಲಿಗೆ ಫ್ಯಾನ್ ಕಟ್ಟೂ ಪುಣ್ಯಾತ್ಮರೂ ಅದಾರ.

ಬಿರಕಿಗೆ ಬರೂಣು. ಬೋರ್ಡಿಗೆ ಸ್ಕ್ರೂ ಹೊಡಿಯೂ ಚಾನಲ್ 18 ಇಂಚಿಗೊಂದು ಇರಬೇಕು. ಎರಡೂವರಿ ಫೂಟಿಗೊಂದು ಹಾಕಿ ಒಂದು ಸಾಲಿನ ಸಾಮಾನು ಉಳಿಸ್ತಾರ, ಎರಡು ವರ್ಷಕ್ಕ ಬೋರ್ಡ್ ಹೊಟ್ಟಿ ಬಿಡತೈತಿ. ಎರಡು ಬೋರ್ಡ್ ಕೂಡೂ ಕಡೆ ಜಾಯಿಂಟಿಂಗ್ ಕಾಂಪೌಂಡ್, ಅದರೊಳಗ ಪೇಪರ್ ಟೇಪ್, ಮ್ಯಾಲ ಮತ್ತೆರಡು ಕೋಟ್. ಒಂದು ಒಣಗಿದ ಮ್ಯಾಲ ಇನ್ನೊಂದು. ಟೇಪ್ ಬಿಟ್ಟು ಗೋಡಿಗೆ ಹಚ್ಚೂ ಪುಟ್ಟಿ ಮೆತ್ತಿದ್ರ ಮದಲನೇ ಬ್ಯಾಸಗಿಗೇ ಗೆರಿ ಕಾಣತೈತಿ. ಅದರಾಗೂ ಎರಿಮಣ್ಣಿನ ಮ್ಯಾಲ ಕಟ್ಟಿದ ಮನಿ ಆದ್ರ ಮುಗೀತು. ಎರಿ ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಬಿರಿತೈತಿ, ಅದರ ಜೋಡಿ ಗೋಡಿನೂ ಕೂದಲೆಳಿಯಷ್ಟು ಹಂದಾಡತೈತಿ. ಅದಕ್ಕ ಗೋಡಿ ಮಗ್ಗಲ ಅರ್ಧ ಇಂಚಿನ ಖಾಲಿ ಪಟ್ಟಿ ಬಿಡಬೇಕು. ಬಿಡ್ರಿ ಅಂದ್ರ "ಚಂದ ಕಾಣೂದಿಲ್ರಿ" ಅಂತಾರ. ಬಿರಕು ಬಿಟ್ರ ಚಂದ ಕಾಣತೈತೇನು?

ಸೀಲಿಂಗ್ ಬಡಿಯೂದಕ್ಕಿಂತ ಮದಲ ಮಾಳಗಿ ಮ್ಯಾಲ ಒಡ್ಡು ಕಟ್ಟಿ 48 ತಾಸು ನೀರು ನಿಂದರಿಸಿ, ಕೆಳಗ ಪಸಿ ಬರತೈತೇನು ಅಂತ ನೋಡಬೇಕು. ಯಾರೂ ನೋಡೂದಿಲ್ಲ. ಬೋರ್ಡ್ ಮುಚ್ಚಿದ ಮ್ಯಾಲ ಸೋರಿಕಿ ಗೊತ್ತಾಗೂದು ಹಳದಿ ಕಲಿ ಮೂಡಿದಾಗ.

ಟಿವಿ ಗೋಡಿ ಇನ್ನೊಂದು ಲೂಟಿ. ಸವಳು ಬೋರ್ ನೀರಾಗ ಕ್ಯೂರಿಂಗ್ ಮಾಡಿದ ಗೋಡಿ ಉಪ್ಪು ಉಗಳತೈತಿ, ಬಣ್ಣ ಪದರಪದರ ಬೀಳತೈತಿ. ಅದಕ್ಕ ಔಷಧ ಅಂದ್ರ ಪ್ಲಾಸ್ಟರ್ ಕೆತ್ತಿ, ಪಸಿ ಎಲ್ಲಿಂದ ಏರತೈತಿ ಅಂತ ಹುಡುಕೂದು. ಇವರ ಔಷಧ, ಮ್ಯಾಲ ಪ್ಯಾನಲ್ ಅಂಟಿಸೂದು! ಒಳಗಿನ ಪಸಿ ಹಂಗ ಉಳದು ಮಗ್ಗಲಿನ ಪ್ಲೈಗೆ ಹತ್ತತೈತಿ. ಪ್ಲೈ ಆದ್ರೂ ಯಾವುದು? "ವಾಟರ್‌ಪ್ರೂಫ್ ರೀ" ಅಂತ ಬಾಯಿ ಮಾತು, ಬರೂದು ಬರೇ ಪಸಿ ತಡಿಯೂ ಎಂಆರ್ ಗ್ರೇಡಿನ ಕಮರ್ಷಿಯಲ್ ಪ್ಲೈ, ಇಲ್ಲಾ ಕಟಗಿ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗಿ. ಶೀಟಿನ ಮ್ಯಾಲಿನ ಛಾಪ ಓದ್ರಿ. ಐಎಸ್ 710 ಅನ್ನೂ ಭಾರತೀಯ ಮಾನಕದ ನಂಬರ್ ಇದ್ರ 72 ತಾಸು ಕುದಿಯೂ ನೀರಿನ ಪರೀಕ್ಷಾ ಪಾಸಾದ ಜಾತಿ. ಹಾಲಿಗೆ ಅಷ್ಟು ಬೇಕಿಲ್ಲ, ಐಎಸ್ 303ರ ಬಿಡಬ್ಲ್ಯೂಆರ್, ಅಂದ್ರ ಕುದಿಯೂ ನೀರು ತಾಳೂ ಗ್ರೇಡ್ ಸಾಕು. ಆದ್ರ ಟಿವಿ ಕೆಳಗಿನ ಎಂಡಿಎಫ್ ಡಬ್ಬಿ ನೆಲಕ್ಕ ಹಚ್ಚಿ ಕುಂದ್ರಿಸಿದ್ರ, ದಿನಾ ನೆಲ ಒರಿಸೂ ನೀರು ಕುಡದು ಅದರ ಅಂಚು ನೆನದ ರೊಟ್ಟಿಯಂಗ ಉಬ್ಬತೈತಿ. ಕೆಳಗ 4 ಇಂಚಿನ ಗ್ರಾನೈಟ್ ಪಟ್ಟಿ ಕೊಟ್ರ ತ್ರಾಸ ಇಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್ ಜಗತ್ತಿಗೆಲ್ಲಾ ಹೋಗತೈತಿ, ಅದ ಜಿಲ್ಲಾದ ಹಾಲಿನಾಗ ಮಾತ್ರ ಕಲ್ಲಿನ ಚಿತ್ರ ಇರೂ ಪ್ಲಾಸ್ಟಿಕ್ ಶೀಟ್!

ಅಳತಿಯೊಳಗಿನ ಮೋಸ ಕೇಳ್ರಿ. 8 ಫೂಟ್ ಅಗಲ, 8 ಫೂಟ್ ಎತ್ತರ, 64 ಚದರ ಫೂಟ್ ಅಂತ ಬಿಲ್. ಅದರಾಗ ಕಟಗಿ ಇರೂದು ಕೆಳಗಿನ ಒಂದೂವರಿ ಫೂಟಿನ ಡಬ್ಬಿ ಮತ್ತ ಮಗ್ಗಲಿನ ಎರಡು ಹಲಗಿ. ಉಳದದ್ದು ಬರೇ ಗೋಡಿ, ನಿಮ್ಮದ ಗೋಡಿ, ಅದಕ್ಕೂ ಪ್ಲೈ ರೇಟು. ಕೆಲಸ ಹಿಡಿಯೂ ಮದಲ, ಅಳಿಯೂದು ಕಟಗಿ ಇದ್ದಷ್ಟನೋ ಇಡೀ ಚೌಕಟ್ಟನೋ ಅಂತ ಕಾಗದದ ಮ್ಯಾಲ ಬರಿಸಿಕೊಳ್ರಿ. ಟಿವಿ ಎತ್ತರಾನೂ ಬರಿಸ್ರಿ, ನೆಲದಿಂದ ಟಿವಿ ನಡುಮಧ್ಯಕ್ಕ ಮೂರೂವರಿ ಫೂಟ್. ಸೋಫಾದಾಗ ಕುಂತವನ ಕಣ್ಣಿನ ಮಟ್ಟ ಅದು. ಬಸ್‌ಸ್ಟ್ಯಾಂಡಿನ ಬೋರ್ಡಿನಂಗ ಐದು ಫೂಟಿಗೆ ಏರಿಸಿದ್ರ ದಿನಾ ಕುತಗಿ ನೋವು.

ಸೋಫಾದ ಬಗ್ಗೆ ಒಂದ ಮಾತು: ಅಂಗಡಿಗೆ ಹೋಗೂ ಮದಲ ನೆಲದ ಮ್ಯಾಲ ಸುಣ್ಣದಕಡ್ಡಿಲೆ ಅದರ ಅಳತಿ ಗೆರಿ ಹೊಡದು, ನಡದಾಡಾಕ ಎರಡೂವರಿ ಫೂಟ್ ಉಳೀತೈತೇನು ನೋಡ್ರಿ. ರೆಕ್ಸಿನ್ ಬ್ಯಾಡ, ಏಪ್ರಿಲ್‌ದಾಗ ಬೆನ್ನಿಗೆ ಹತ್ತತೈತಿ. ಕುಶನ್ನಿಗೆ ಗುಳೇದಗುಡ್ಡ ಖಣ ಹೊಲಿಸಿದ್ರ ಆ ಮುಂಬೈ ಡಿಸೈನ್ ಮುಖ ಮುಚ್ಚಿಕೋಬೇಕು.

ಕಡೀದು, ಆ ನೀಲಿ ಗಟಾರ. ಪಟ್ಟಿ ಲೈಟಿಗೆ ಕರೆಂಟ್ ಇಳಿಸಿ ಕೊಡೂ ಡ್ರೈವರ್ ಡಬ್ಬಿ ಒಂದಿರತೈತಿ. ಪಟ್ಟಿಗಿಂತ ಮದಲ ಸಾಯೂದು ಅದ, ಯಾಕಂದ್ರ ಬಿಸಿ ಸ್ಲ್ಯಾಬಿನ ಕೆಳಗ ಗಾಳಿ ಆಡದ ಜಾಗದಾಗ ಒಗದಿರತಾರ. ಕೈ ಹಾಕಾಕ ಒಂದೂವರಿ ಫೂಟಿನ ಚೌಕ ಬಾಗಿಲು ಬಿಡಬೇಕು, ಬಿಟ್ಟಿರೂದಿಲ್ಲ. ಲೈಟ್ ಹೋದ ದಿನ ಫೋನ್ ಹಚ್ಚಿ ಡ್ರೈವರ್ ಎಲ್ಲಿ ಇಟ್ಟೀರಿ ಅಂತ ಕೇಳ್ರಿ. "ಇಟ್ಟ ಹುಡುಗ ಊರಿಗೆ ಹೋಗ್ಯಾನ್ರೀ ಅಣ್ಣಾರ, ಎಲ್ಲೈತೋ ಬೋರ್ಡ್ ಕೊರದ ನೋಡಬೇಕು."