"ಅದು ಫ್ಲೇಕಿ ಟೆಸ್ಟ್ ಬಿಡು, ಇನ್ನೊಂದ್ಸಲ ಓಡಿಸು"

ಸಾಫ್ಟ್‌ವೇರ್ ಟೀಮ್‌ಗಳಲ್ಲಿ ನನಗೆ ಮೈ ಉರಿಸುವ ಮಾತು ಇದೇ. ಫ್ಲೇಕಿ ಅಂದರೆ ಕೋಡ್ ಬದಲಾಗದಿದ್ದರೂ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುವ ಟೆಸ್ಟ್. ಟೆಸ್ಟ್ ಫೇಲ್ ಆಗುತ್ತದೆ, ಇನ್ನೊಂದ್ಸಲ ಓಡಿಸುತ್ತಾರೆ, ಪಾಸ್ ಆಗುತ್ತದೆ, ಕೋಡ್ ಮರ್ಜ್ ಆಗುತ್ತದೆ. ಮೊದಲ ಸಲ ಯಾಕೆ ಫೇಲ್ ಆಯ್ತು ಅಂತ ಕೇಳುವವರೇ ಇಲ್ಲ. ಗೂಗಲ್‌ನವರು 2016ರಲ್ಲಿ ಬರೆದಿದ್ದರು: ಪಾಸ್ ಆಗುತ್ತಿದ್ದ ಟೆಸ್ಟ್ ಫೇಲ್‌ಗೆ ತಿರುಗಿದ ಸಂದರ್ಭಗಳಲ್ಲಿ ಸುಮಾರು 84% ಫ್ಲೇಕಿ ಟೆಸ್ಟ್‌ಗಳಿಂದಲೇ ಅಂತ. ಅಷ್ಟು ಸಲ ಸುಳ್ಳು ಕೂಗು ಕೇಳಿದವರು ನಿಜವಾದ ಕೂಗಿಗೂ ತಿರುಗಿ ನೋಡುವುದಿಲ್ಲ, ಅಲ್ವಾ?

ಆದರೆ ನನ್ನ ತಕರಾರು ಏನೆಂದರೆ, ಇದರಲ್ಲಿ ಒಂದಷ್ಟು ಸುಳ್ಳು ಕೂಗೇ ಅಲ್ಲ.

ಒಂದು ಚಿಕ್ಕ ಫಾರ್ಮ್ ತೆಗೆದುಕೊಳ್ಳಿ. ಹೆಸರು, ಇಮೇಲ್, ಕೆಳಗೊಂದು 'ಕಳುಹಿಸಿ' ಬಟನ್. ಜಾಸ್ತಿ ಜನ ಬರೆಯುವ ಟೆಸ್ಟ್: ಎರಡೂ ಕಡೆ ತುಂಬು, ಬಟನ್ ಒತ್ತು, ಎರಡು ಸೆಕೆಂಡ್ ಸ್ಲೀಪ್ (ಅಂದರೆ ಸುಮ್ನೆ ಕಾಯುವುದು), 'ಧನ್ಯವಾದ' ಬಂತಾ ನೋಡು. ಮುಗೀತು. ಬಟನ್ ಹುಡುಕುವುದೋ 'ಮೂರನೇ ಡಿವ್ ಒಳಗಿನ ಎರಡನೇ ಸ್ಪ್ಯಾನ್' ಅಂತ (ಡಿವ್, ಸ್ಪ್ಯಾನ್ ಅಂದರೆ ಪೇಜ್ ಕಟ್ಟುವ HTML ಡಬ್ಬಿಗಳು). ನಾಳೆ ಡಿಸೈನರ್ ಒಂದು ಐಕಾನ್ ಸೇರಿಸಿದರೆ ಫಾರ್ಮ್ ಚೆನ್ನಾಗೇ ಇರುತ್ತದೆ, ಟೆಸ್ಟ್ ಮುರಿದು ಬೀಳುತ್ತದೆ. 'ಕಳುಹಿಸಿ ಅಂತ ಹೆಸರಿರುವ ಬಟನ್' ಅಂತ ಹುಡುಕಿದರೆ ಈ ರಗಳೆ ಇಲ್ಲ. ಯಾರೋ ಸುಮ್ನೆ ಡಿವ್‌ಗೆ ಬಣ್ಣ ಹಚ್ಚಿ ಬಟನ್ ಮಾಡಿಟ್ಟಿದ್ದರೆ ಟೆಸ್ಟ್‌ಗೆ ಅದು ಸಿಗುವುದಿಲ್ಲ. ಸಿಗಲೂ ಬಾರದು, ಕಣ್ಣು ಕಾಣದವರಿಗೆ ಪೇಜ್ ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ಅದು ಬಟನ್ ಅಲ್ಲ.

ಇದೇ ಫಾರ್ಮ್‌ನಲ್ಲಿ ನಾನು ನೋಡುವುದು ಬೇರೆ. ನಕಲಿ ಸರ್ವರ್ ಇಟ್ಟು ಅದರ ಉತ್ತರವನ್ನು ಬೇಕಂತಲೇ ತಡೆಯಿರಿ. ಬಟನ್ ಮೇಲೆ ಡಬಲ್ ಕ್ಲಿಕ್ ಮಾಡಿಸಿ. ರಿಕ್ವೆಸ್ಟ್ ಒಂದೇ ಹೋಯ್ತಾ, ಎರಡು ಹೋಯ್ತಾ? ಆಮೇಲೆ 500 ಎರರ್ (ಸರ್ವರ್‌ನಲ್ಲೇ ಏನೋ ಕೆಟ್ಟಿದೆ ಅನ್ನುವ ಉತ್ತರ) ಕೊಡಿ. ಎರರ್ ಕಣ್ಣಿಗೆ ಬಿತ್ತಾ? ಟೈಪ್ ಮಾಡಿದ್ದು ಹಾಗೇ ಉಳಿಯಿತಾ? ಬಟನ್ ಮತ್ತೆ ಒತ್ತಲು ಬಂತಾ? ಈ ಕೊನೆಯದನ್ನು ಮರೆಯುವವರೇ ಜಾಸ್ತಿ. ಎರರ್ ಬಂದ ಮೇಲೂ ಬಟನ್ ಡಿಸೇಬಲ್ ಆಗಿಯೇ ಕೂತಿರುತ್ತದೆ, ಬಳಸುವವರು ಪೇಜ್ ರಿಫ್ರೆಶ್ ಮಾಡಿ ಎಲ್ಲ ಮೊದಲಿಂದ ತುಂಬಬೇಕು.

ಇನ್ನು ಆ ಸ್ಲೀಪ್. ಮಷೀನ್ ನಿಧಾನವಿದ್ದರೆ ಎರಡು ಸೆಕೆಂಡ್ ಸಾಲದು, ಜೋರಾಗಿದ್ದರೆ ದಂಡ. ಬ್ರೌಸರ್ ಓಡಿಸಿ ಟೆಸ್ಟ್ ಮಾಡುವ ಸೆಲೆನಿಯಮ್ ಅನ್ನುವ ಟೂಲ್ ಹುಟ್ಟಿದ್ದು 2004ರಲ್ಲಿ. ಕಾಯುವ ಕೆಲಸ ಟೆಸ್ಟ್ ಬರೆಯುವವರ ತಲೆಗೇ ಬರುತ್ತಿದ್ದ ಕಾಲದ ಅಭ್ಯಾಸ ಅದು. 2020ರಲ್ಲಿ ಬಂದ, ಅಂಥದೇ ಟೂಲ್ ಆದ ಪ್ಲೇರೈಟ್ ಕ್ಲಿಕ್ ಮಾಡುವ ಮುಂಚೆ ತಾನೇ ನೋಡಿಕೊಳ್ಳುತ್ತದೆ: ಬಟನ್ ಕಾಣುತ್ತಿದೆಯಾ, ಅಲುಗಾಡದೆ ನಿಂತಿದೆಯಾ, ಎನೇಬಲ್ ಆಗಿದೆಯಾ, ಮೇಲೆ ಬೇರೇನಾದರೂ ಮುಚ್ಚಿದೆಯಾ. ನಿಜವಾದ ಬ್ರೌಸರ್ ಇಲ್ಲದೆ ಪೇಜ್ ಅನ್ನು ಅನುಕರಿಸುವ ಜೆಎಸ್‌ಡಾಮ್‌ನಲ್ಲಿ ಈ ಕೊನೆಯದು ಗೊತ್ತಾಗುವುದೇ ಇಲ್ಲ, ಅಲ್ಲಿ ಲೇಔಟ್ (ಯಾವುದು ಎಲ್ಲಿ ಕೂರುತ್ತದೆ ಅನ್ನುವ ಲೆಕ್ಕ) ಅನ್ನುವುದೇ ಇಲ್ಲವಲ್ಲ. ಕುಕೀ ಬ್ಯಾನರ್ ಬಟನ್ ಮೇಲೆ ಕೂತಿದ್ದರೂ ಟೆಸ್ಟ್ ಪಾಸ್. ಹಾಗಾಗಿ ಒಂದಷ್ಟು ಟೆಸ್ಟ್ ನಿಜವಾದ ಬ್ರೌಸರ್‌ನಲ್ಲೇ ಓಡಬೇಕು.

ಇಷ್ಟೆಲ್ಲ ಸರಿಮಾಡಿದ ಮೇಲೂ ಟೆಸ್ಟ್ ಆಗಾಗ ಫೇಲ್ ಆದರೆ ಬಗ್ಗಿ ನೋಡಿ. ಸರ್ವರ್‌ನಿಂದ ರೆಂಡರ್ ಆಗಿ ಬರುವ ಪೇಜ್‌ಗಳಲ್ಲಿ ಬಟನ್ ಮೊದಲು ಕಾಣುತ್ತದೆ, ಅದಕ್ಕೆ ಜೀವ ಕೊಡುವ ಜಾವಾಸ್ಕ್ರಿಪ್ಟ್ ಆಮೇಲೆ ಬರುತ್ತದೆ. ಟೆಸ್ಟ್ ಆ ಸಂದಿಯಲ್ಲೇ ಕ್ಲಿಕ್ ಮಾಡುತ್ತದೆ, ಏನೂ ಆಗುವುದಿಲ್ಲ. ಹಳೇ ಫೋನ್, ನಿಧಾನ ನೆಟ್ ಇರುವವರಿಗೂ ಇದೇ ಗತಿ. ಸ್ಲೀಪ್ ಹಾಕಿದರೆ ಟೆಸ್ಟ್ ಪಾಸ್ ಆಗುತ್ತದೆ, ಅವರ ಬಟನ್ ಮಾತ್ರ ಸತ್ತೇ ಇರುತ್ತದೆ. ಸ್ಕ್ರಿಪ್ಟ್ ಬರುವವರೆಗೆ ಬಟನ್ ಡಿಸೇಬಲ್ ಇಟ್ಟರೆ ಪ್ಲೇರೈಟ್ ತಾನಾಗೇ ಕಾಯುತ್ತದೆ, ಬಳಸುವವರಿಗೂ ಇನ್ನೂ ಸ್ವಲ್ಪ ತಡೆಯಬೇಕು ಅಂತ ಗೊತ್ತಾಗುತ್ತದೆ.